ಬಾಟಲಿಯ ಮೇಲೊಂದು ಹೋತ: ಜರ್ಮನ್ ಬಾಕ್ ಬಿಯರ್ ಅಮೆರಿಕದಲ್ಲಿ ಬಾಳಿದ ಬಗೆ

ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಮಗನ ಮನೆಗೆ ಹೋಗಿದ್ದ ಮೈಸೂರಿನ ಗೆಳೆಯರೊಬ್ಬರು ಮಾರ್ಚ್ ತಿಂಗಳಲ್ಲಿ ನನಗೊಂದು ಚಿತ್ರ ಕಳುಹಿಸಿದರು. ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಲಾಗಿ ಬಿಯರ್ ಬಾಟಲಿಗಳು. ಒಂದರ ಮೇಲೆ ಸುರುಳಿ ಕೊಂಬಿನ ಟಗರಿನ ತಲೆ. ಇನ್ನೊಂದರ ಮೇಲೆ ಹಿಂಗಾಲಿನಲ್ಲಿ ನಿಂತ ಎರಡು ಹೋತಗಳು, ಸಾಲದೆಂದು ಬಾಟಲಿಯ ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಪುಟ್ಟದೊಂದು ಬಿಳಿ ಪ್ಲಾಸ್ಟಿಕ್ ಹೋತ. ಕೆಳಗೆ ಒಂದೇ ಪ್ರಶ್ನೆ: "ಇದರೊಳಗೆ ಆಡಿನದ್ದೇನಾದರೂ ಹಾಕುತ್ತಾರೇನು?"

ಗೆಳೆಯರು ಸಸ್ಯಾಹಾರಿ. ಅಪರೂಪಕ್ಕೊಮ್ಮೆ ಮಗನ ಜೊತೆ ಒಂದು ಲೋಟ ಬಿಯರ್ ಕುಡಿಯುವವರು. ಆಡಿನದ್ದೇನೂ ಇಲ್ಲ, ಧೈರ್ಯವಾಗಿರಿ ಎಂದು ಉತ್ತರಿಸಿದೆ. "ಮತ್ತೆ ಈ ಪ್ರಾಣಿಗೆ ಇಲ್ಲೇನು ಕೆಲಸ?" ಎಂದು ಮರುಪ್ರಶ್ನೆ ಬಂತು. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸಲು ಆಗಲಿಲ್ಲ. ಅಮೆರಿಕದಲ್ಲಿ ಚಳಿ ಮುಗಿದು ವಸಂತ ಕಾಲಿಡುವಾಗ, ಬಾಕ್ ಎಂಬ ಜರ್ಮನ್ ಮೂಲದ ಬಿಯರ್‌ನ ಗುರುತಾದ ಈ ಹೋತ ಅಂಗಡಿಗಳಲ್ಲಿ ಕಾಣಿಸಿಕೊಳ್ಳುವುದು ಇಂದು ನಿನ್ನೆಯ ರೂಢಿಯಲ್ಲ. ಅಲ್ಲಿರುವ ಕನ್ನಡಿಗರೂ ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರೂ ಇದನ್ನು ಎದುರಾಗುತ್ತಲೇ ಇರುತ್ತಾರೆ. ಕುಡಿಯುವ ಅಭ್ಯಾಸವಿಲ್ಲದವರಿಗೂ ಈ ಕಥೆ ರುಚಿಸೀತು, ಏಕೆಂದರೆ ಇದರಲ್ಲಿ ಬಿಯರ್‌ಗಿಂತ ಊರು, ಭಾಷೆ, ಉಪವಾಸ ಮತ್ತು ಕಾನೂನುಗಳ ಮಾತೇ ಹೆಚ್ಚು.

ಮೊಳಕೆ ರಾಗಿಯಿಂದ ಆರಂಭಿಸೋಣ

ಮಗುವಿಗೆ ರಾಗಿ ಸರಿ ಮಾಡುವವರಿಗೆ ಬಿಯರ್‌ನ ಅರ್ಧ ವಿದ್ಯೆ ಆಗಲೇ ಗೊತ್ತಿರುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸುತ್ತೇವೆ. ಮೊಳಕೆ ಒಡೆಯುವಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಮೊಳಕೆ ಹಿಟ್ಟು ತುಸು ಸಿಹಿಯಾಗಿರುವುದು, ಬೇಗ ಜೀರ್ಣವಾಗುವುದು ಇದರಿಂದಲೇ. ಬಾರ್ಲಿಗೂ ಇದನ್ನೇ ಮಾಡಿದರೆ ಸಿಗುವುದು ಮಾಲ್ಟ್. ನಮ್ಮಲ್ಲಿ ರಾಗಿ ಮಾಲ್ಟ್ ಎನ್ನುವಾಗ ಬಳಸುವುದೂ ಇದೇ ಪದವನ್ನು.

ಈ ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ನೆನೆಸಿಟ್ಟರೆ ಸಕ್ಕರೆಯೆಲ್ಲ ನೀರಿಗೆ ಇಳಿಯುತ್ತದೆ. ಆ ಸಿಹಿ ನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಕುದಿಸುತ್ತಾರೆ. ಹೂವಿನ ಕಹಿ ಸಿಹಿಯನ್ನು ಹದಕ್ಕೆ ತರುತ್ತದೆ, ಬೇಗ ಕೆಡದಂತೆಯೂ ಕಾಯುತ್ತದೆ. ಆರಿದ ಮೇಲೆ ಯೀಸ್ಟ್ ಬೆರೆಸಿದರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗುಳ್ಳೆಗಳನ್ನೂ ಕೊಡುತ್ತದೆ. ಬಿಯರ್ ಎಂದರೆ ಇಷ್ಟೇ. ಉಳಿದದ್ದೆಲ್ಲ ಕಾಳನ್ನು ಎಷ್ಟು ಹುರಿದರು, ಎಷ್ಟು ಹಾಕಿದರು, ಎಷ್ಟು ತಂಪಿನಲ್ಲಿ ಎಷ್ಟು ದಿನ ಇಟ್ಟರು ಎಂಬುದರ ಲೆಕ್ಕಾಚಾರ. ಬಾಕ್ ಹುಟ್ಟಿದ್ದೂ ಈ ಲೆಕ್ಕದಲ್ಲಿಯೇ.

ತಂಪಿನಲ್ಲಿ ನಿಧಾನವಾಗಿ

ಬೇಸಿಗೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆಯಿಂದ ಉಕ್ಕಿರುತ್ತದೆ. ಅದೇ ಹಿಟ್ಟು ಮಡಿಕೇರಿಯ ಡಿಸೆಂಬರ್‌ನಲ್ಲಿ ಮಧ್ಯಾಹ್ನವಾದರೂ ಏಳುವುದಿಲ್ಲ. ಬಿಯರ್‌ನಲ್ಲಿಯೂ ಇಂಥದೇ ಎರಡು ದಾರಿಗಳಿವೆ. ಬೆಚ್ಚಗಿನ ವಾತಾವರಣದಲ್ಲಿ ಬೇಗ ಹುದುಗು ಬರಿಸಿದ್ದು ಏಲ್. ಸುಮಾರು 7ರಿಂದ 13 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನವಾಗಿ ಹುದುಗು ಬರಿಸಿ, ಆಮೇಲೆ ಹೆಚ್ಚುಕಡಿಮೆ ಮಂಜುಗಡ್ಡೆಯಷ್ಟೇ ಚಳಿಯಲ್ಲಿ ವಾರಗಟ್ಟಲೆ ಇಟ್ಟದ್ದು ಲಾಗರ್. ಜರ್ಮನ್ ಭಾಷೆಯಲ್ಲಿ ಲಾಗರ್ನ್ ಎಂದರೆ ದಾಸ್ತಾನು ಇಡುವುದು, ಅಷ್ಟೇ.

ಎರಡಕ್ಕೂ ಯೀಸ್ಟ್ ಬೇರೆ. ಲಾಗರ್ ಯೀಸ್ಟ್ ಒಂದು ಮಿಶ್ರ ತಳಿ. ಅದರ ಒಂದು ಕಡೆಯ ಪೂರ್ವಜ ಯಾವುದು ಎಂಬುದು ಬಹುಕಾಲ ಒಗಟಾಗಿತ್ತು. ದಕ್ಷಿಣ ಅಮೆರಿಕದ ಪಟಗೋನಿಯಾದ ಕಾಡುಗಳಲ್ಲಿ, ಮರಗಳ ಮೇಲಿನ ಗಂಟುಗಳಲ್ಲಿ ಅಂಥದೊಂದು ಕಾಡು ಯೀಸ್ಟ್ ಸಿಕ್ಕಿದ್ದನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಅದೇ ಯೀಸ್ಟ್ ಆಮೇಲೆ ಬೇರೆ ಕಡೆಗಳಲ್ಲಿಯೂ ಪತ್ತೆಯಾಯಿತು.

ತಂಪಿನಲ್ಲಿ ಕುಳಿತ ಬಿಯರ್ ತಿಳಿಯಾಗುತ್ತದೆ. ಯೀಸ್ಟ್ ಬಿಟ್ಟ ಒರಟು ವಾಸನೆಗಳು ಕರಗಿ ರುಚಿ ನಯವಾಗುತ್ತದೆ. ಬಾಕ್ ಕೂಡ ಲಾಗರ್ ಕುಲದ್ದೇ. ಹಾಗಾದರೆ ಬೇರೆ ಲಾಗರ್‌ಗಳಿಗಿಂತ ಅದು ಹೇಗೆ ಭಿನ್ನ?

ಕಬ್ಬಿನ ಹಾಲಿನಷ್ಟು ಸಿಹಿ

ಯೀಸ್ಟ್ ಬೆರೆಸುವ ಮೊದಲಿನ ಸಿಹಿ ನೀರನ್ನು ಒಮ್ಮೆ ನೆನಪಿಸಿಕೊಳ್ಳಿ. ಸಾಮಾನ್ಯ ಲಾಗರ್‌ಗೆ ಆ ನೀರಿನ ನೂರು ಗ್ರಾಮ್‌ನಲ್ಲಿ 11ರಿಂದ 12 ಗ್ರಾಮ್‌ನಷ್ಟು ಕಾಳಿನ ಸಾರ ಕರಗಿರುತ್ತದೆ. ಬಾಕ್‌ಗೆ ಕನಿಷ್ಠ 16 ಗ್ರಾಮ್ ಬೇಕು. ಮಂಡ್ಯದ ಗಾಣದಿಂದ ಆಗಷ್ಟೇ ಇಳಿದ ಕಬ್ಬಿನ ಹಾಲಿನ ಗಟ್ಟಿತನವೂ ಹೆಚ್ಚುಕಡಿಮೆ ಇಷ್ಟೇ. ಸಾರ ಹೆಚ್ಚಿದ್ದರೆ ಯೀಸ್ಟ್‌ಗೆ ಮೇವು ಹೆಚ್ಚು, ಹಾಗಾಗಿ ಮದ್ಯಸಾರವೂ ಹೆಚ್ಚು. ಅಮೆರಿಕದ ಸಾಧಾರಣ ಲಾಗರ್ ಶೇ 4ರಿಂದ 5ರ ಆಸುಪಾಸಿನಲ್ಲಿದ್ದರೆ ಜರ್ಮನ್ ಬಾಕ್ ಶೇ 6.3ರಿಂದ 7.2ರವರೆಗೆ ಹೋಗುತ್ತದೆ.

ಬಣ್ಣ ಬರುವುದು ಮಾಲ್ಟನ್ನು ಒಣಗಿಸುವ ಬಿಸಿಯಿಂದ. ಬ್ರೆಡ್ಡಿನ ಅಂಚು ಕಂದಾದಾಗ ಬರುವ ಘಮ, ಹುರಿಹಿಟ್ಟಿನ ಘಮ, ಆಲೆಮನೆಯಲ್ಲಿ ಪಾಕ ಹದಕ್ಕೆ ಬರುವಾಗಿನ ಘಮ, ಈ ಮೂರನ್ನೂ ಬೆರೆಸಿದರೆ ಕಡು ಬಣ್ಣದ ಬಾಕ್‌ನ ವಾಸನೆ ಹೇಗಿರುತ್ತದೆ ಎಂದು ಊಹಿಸಬಹುದು. ಹಾಪ್ಸ್‌ನ ಕಹಿ ಇದರಲ್ಲಿ ಹಿಂದೆ ನಿಲ್ಲುತ್ತದೆ. ಇತ್ತೀಚೆಗೆ ಎಲ್ಲೆಡೆ ಮೆರೆಯುತ್ತಿರುವ ಐಪಿಎ (ಇಂಡಿಯಾ ಪೇಲ್ ಏಲ್) ಬಗೆಯ ಬಿಯರ್‌ಗಳಲ್ಲಿ ಹಾಪ್ಸ್ ಎಂಬ ಒಗ್ಗರಣೆಯದೇ ಕಾರುಬಾರು. ಬಾಕ್‌ನಲ್ಲಿ ಬೇಳೆಯ, ಅಂದರೆ ಮಾಲ್ಟಿನ, ರುಚಿಯೇ ಮುಂದು.

ಇದರೊಳಗೆ ಬಗೆಗಳುಂಟು. ವಸಂತದಲ್ಲಿ ಬರುವ ತಿಳಿ ಹೊಂಬಣ್ಣದ್ದು ಮೈಬಾಕ್, ಅಂದರೆ ಮೇ ತಿಂಗಳ ಬಾಕ್. ಬಾರ್ಲಿಯ ಜೊತೆ ಗೋಧಿಯ ಮಾಲ್ಟ್ ಸೇರಿಸಿದ್ದು ವೈಟ್ಸನ್‌ಬಾಕ್. ಇದು ಮಾತ್ರ ಲಾಗರ್ ಅಲ್ಲ, ಬೆಚ್ಚಗೆ ಹುದುಗು ಬರಿಸಿದ್ದು. ಇನ್ನೂ ಗಟ್ಟಿಯಾದದ್ದು ಡೊಪ್ಪೆಲ್‌ಬಾಕ್. ಹೆಸರಿನ ಅರ್ಥ 'ಜೋಡಿ ಬಾಕ್' ಎಂದಾದರೂ ಬಲವೇನೂ ಎರಡರಷ್ಟಾಗುವುದಿಲ್ಲ. ಶೇ 7ರಿಂದ 10ರವರೆಗೆ ಇರುತ್ತದೆ, ಅಷ್ಟೇ. ಎಲ್ಲಕ್ಕಿಂತ ವಿಚಿತ್ರವಾದದ್ದು ಐಸ್‌ಬಾಕ್. ಐಸ್ ಕ್ಯಾಂಡಿ ಚೀಪುವ ಮಗುವನ್ನು ಗಮನಿಸಿದ್ದೀರಾ? ಬಣ್ಣವೂ ಸಿಹಿಯೂ ಮೊದಲು ಬಾಯಿಗೆ ಬಂದು, ಕೊನೆಗೆ ಕಡ್ಡಿಯಲ್ಲಿ ಬೆಳ್ಳಗಿನ ಸಪ್ಪೆ ಮಂಜುಗಡ್ಡೆ ಉಳಿಯುತ್ತದೆ. ಡೊಪ್ಪೆಲ್‌ಬಾಕನ್ನು ಅರ್ಧಂಬರ್ಧ ಹೆಪ್ಪುಗಟ್ಟಿಸಿ, ಆ ಸಪ್ಪೆ ಮಂಜನ್ನು ತೆಗೆದುಹಾಕಿದರೆ ಉಳಿಯುವ ಗಟ್ಟಿ ದ್ರವವೇ ಐಸ್‌ಬಾಕ್. ಅದು ಶೇ 14ರವರೆಗೂ ಹೋಗಬಹುದು.

ಐನ್‌ಬೆಕ್ ಎಂಬ ಊರು ಹೋತವಾದದ್ದು

ಉತ್ತರ ಜರ್ಮನಿಯ ಐನ್‌ಬೆಕ್ ಮಧ್ಯಯುಗದಲ್ಲಿ ಬಿಯರ್‌ಗೆ ಹೆಸರಾದ ವ್ಯಾಪಾರದ ಊರು. ಅಲ್ಲಿನ ಬಿಯರ್ ಮಾರಾಟದ ಲೆಕ್ಕಪತ್ರವೊಂದು 1378ರಷ್ಟು ಹಳೆಯದು. ಬಿಯರ್ ಮಾಡುವ ಹಕ್ಕು ಮನೆಮನೆಯವರಿಗಿತ್ತು. ಆದರೆ ಕುದಿಸುವ ದೊಡ್ಡ ಕಡಾಯಿ ಊರಿನದು. ಸರದಿಯ ಪ್ರಕಾರ ಅದು ಮನೆಯಿಂದ ಮನೆಗೆ ಹೋಗುತ್ತಿತ್ತು. ಕಡಾಯಿ ಒಳಗೆ ಹೋಗಬೇಕಲ್ಲ, ಅದಕ್ಕಾಗಿ ಮನೆಗಳಿಗೆ ಎತ್ತರದ ಕಮಾನು ಬಾಗಿಲು ಇಟ್ಟರು. ಆ ಬಾಗಿಲುಗಳನ್ನು ಐನ್‌ಬೆಕ್‌ನಲ್ಲಿ ಈಗಲೂ ಕಾಣಬಹುದು. ನಮ್ಮ ಹಳ್ಳಿಗಳಲ್ಲಿ ಮದುವೆಯ ಹಂಡೆ, ಕೊಳದಪ್ಪಲೆಗಳು ಬೀದಿಯಿಂದ ಬೀದಿಗೆ ಹೋಗುವುದನ್ನು ಕಂಡವರಿಗೆ ಇದು ಹೊಸದೆನಿಸುವುದಿಲ್ಲ.

ಈ ಬಿಯರ್ ದಕ್ಷಿಣದ ಬವೇರಿಯಾದವರಿಗೂ ಬಹಳ ಹಿಡಿಸಿತು. ದೂರದಿಂದ ತರಿಸುವ ಖರ್ಚು ಹೆಚ್ಚಾದಾಗ ಮ್ಯೂನಿಕ್‌ನ ದೊರೆಗಳು 1589ರಲ್ಲಿ ತಮ್ಮದೇ ಬಿಯರ್ ಮನೆಯಾದ ಹೋಫ್‌ಬ್ರಾಯ್‌ಹೌಸ್ ಕಟ್ಟಿಸಿದರು. ಆದರೂ ಐನ್‌ಬೆಕ್‌ನ ರುಚಿ ಬರಲಿಲ್ಲ. ಕೊನೆಗೆ 17ನೇ ಶತಮಾನದ ಆರಂಭದಲ್ಲಿ ಎಲಿಯಾಸ್ ಪಿಖ್ಲರ್ ಎಂಬ ಐನ್‌ಬೆಕ್‌ನ ಬಿಯರ್ ಕುಶಲಿಯನ್ನೇ ಕರೆಸಿಕೊಂಡರು. ಹೀಗೆ ಉತ್ತರದ ಬಿಯರ್ ದಕ್ಷಿಣದ ಕೈಯಲ್ಲಿ, ದಕ್ಷಿಣದ ತಂಪು ನೆಲಮಾಳಿಗೆಗಳಲ್ಲಿ ಹೊಸ ರೂಪ ತಾಳಿತು.

ಹೆಸರು ತಿರುಚಿಕೊಂಡದ್ದು ಇಲ್ಲಿಯೇ. ಬವೇರಿಯಾದ ಉಚ್ಚಾರಣೆಯಲ್ಲಿ ಐನ್‌ಬೆಕ್ ಎಂಬುದು 'ಐನ್‌ಪೊಕ್', 'ಐನ್‌ಬೊಕ್' ಎಂಬಂತೆ ಕೇಳಿಸುತ್ತಿತ್ತು. ಜರ್ಮನ್‌ನಲ್ಲಿ 'ಐನ್' ಎಂದರೆ ಒಂದು, 'ಬಾಕ್' ಎಂದರೆ ಹೋತ. ಊರಿನ ಹೆಸರು ಹೇಳಿ ಬಿಯರ್ ಕೇಳಿದರೆ 'ಒಂದು ಹೋತ ಕೊಡಿ' ಎಂದಂತಾಯಿತು! ನಗೆ ನಿಂತುಹೋಯಿತು, ಹೋತ ಉಳಿಯಿತು.

ಇದು ನಮಗೆ ಅಪರಿಚಿತ ಸಂಗತಿಯೇನಲ್ಲ. ಅಜ್ಜಿಯೊಬ್ಬಳು ರಾಜನಿಗೆ ಬೆಂದ ಕಾಳು ಕೊಟ್ಟದ್ದರಿಂದ ಬೆಂದಕಾಳೂರು, ಅದೇ ಬೆಂಗಳೂರು ಎಂಬ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಬಲ್ಲಾಳ ರಾಜನಿಗೂ ಮುಂಚೆ, 9ನೇ ಶತಮಾನದ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರು ಎಂಬ ಹೆಸರಿದೆ ಎಂದು ಯಾರಾದರೂ ನೆನಪಿಸಿದರೂ ಕಥೆ ಬಿಟ್ಟುಹೋಗುವುದಿಲ್ಲ. ಬಾಕ್‌ನ ಸುತ್ತಲೂ ಇಂಥ ಕಥೆಗಳು ಹುಟ್ಟಿದವು. ಪಾಶ್ಚಾತ್ಯರಲ್ಲಿ ಮೇಕೆಯ ಗುರುತಿರುವ ಮಕರ ರಾಶಿಯ ಕಾಲದಲ್ಲಿ ಮಾಡುವುದರಿಂದ ಈ ಚಿತ್ರ ಎಂದರು ಕೆಲವರು. ಕುಡಿದವರನ್ನು ಹೋತದಂತೆ ಗುದ್ದಿ ಕೆಡವುತ್ತದೆ ಎಂದರು ಇನ್ನು ಕೆಲವರು. ಭಾಷೆಯ ದಾರಿಯನ್ನು ನೋಡಿದರೆ ಊರಿನ ಹೆಸರೇ ಸರಿಯಾದ ಮೂಲ.

ಉಪವಾಸಕ್ಕೆ ಗಟ್ಟಿ ಬಿಯರ್

ವಸಂತಕ್ಕೂ ಬಾಕ್‌ಗೂ ನಂಟು ಬೆಳೆದದ್ದು ಕ್ರೈಸ್ತರ ಉಪವಾಸದ ಮೂಲಕ. ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನಗಳ ಲೆಂಟ್ ವ್ರತದಲ್ಲಿ ಸನ್ಯಾಸಿಗಳಿಗೆ ಆಹಾರದ ನಿಯಮ ಕಟ್ಟುನಿಟ್ಟು. ಆದರೆ ದ್ರವ ಸೇವಿಸಿದರೆ ಉಪವಾಸ ಮುರಿದಂತಲ್ಲ ಎಂಬುದು ಅವರ ತಿಳಿವಳಿಕೆ. ಏಕಾದಶಿಯ ದಿನ ಅನ್ನ ಬಿಟ್ಟು ಹೊಟ್ಟೆ ತುಂಬ ಅವಲಕ್ಕಿ, ಉಪ್ಪಿಟ್ಟು ತಿನ್ನುವ ಮನೆಗಳನ್ನು ಬಲ್ಲ ನಾವು ಈ ತರ್ಕಕ್ಕೆ ನಗುವಂತಿಲ್ಲ.

ಮ್ಯೂನಿಕ್‌ನಲ್ಲಿ ಪೌಲಾದ ಸಂತ ಫ್ರಾನ್ಸಿಸ್‌ರ ಪಂಥದ ಸನ್ಯಾಸಿಗಳಿದ್ದರು. ಪಾವ್‌ಲಾನರ್ ಎಂಬ ಹೆಸರು ಬಂದದ್ದು ಅವರಿಂದ. ಅವರ ಬಿಯರ್‌ನ ಉಲ್ಲೇಖ 1634ರಲ್ಲಿ ಸಿಗುತ್ತದೆ. ಕಾಳಿನ ಸಾರ ದಂಡಿಯಾಗಿ ಉಳಿದ ಅವರ ಗಟ್ಟಿ ಬಿಯರ್ 'ದ್ರವರೂಪದ ರೊಟ್ಟಿ' ಎನಿಸಿಕೊಂಡಿತು. ಅದಕ್ಕೆ ಬಂದ ಹೆಸರು ಸಾಲ್ವೇಟರ್, ಅಂದರೆ ರಕ್ಷಕ. ಬೇರೆಯವರೂ ಅದೇ ಹೆಸರಿಟ್ಟು ಮಾರತೊಡಗಿದಾಗ 19ನೇ ಶತಮಾನದ ಕೊನೆಯಲ್ಲಿ ಪಾವ್‌ಲಾನರ್‌ನವರು ಹೆಸರಿನ ಹಕ್ಕನ್ನು ನೋಂದಾಯಿಸಿಕೊಂಡರು. ಉಳಿದವರು ಹೆಸರು ಬಿಟ್ಟರು, ಬಾಲ ಬಿಡಲಿಲ್ಲ: ಸೆಲೆಬ್ರೇಟರ್, ಆಪ್ಟಿಮೇಟರ್, ಟ್ರಯಂಫೇಟರ್, ಅನಿಮೇಟರ್. ಇಂದು ಬಾಟಲಿಯ ಮೇಲೆ 'ಏಟರ್' ಎಂದು ಮುಗಿಯುವ ಹೆಸರು ಕಂಡರೆ ಅದು ಡೊಪ್ಪೆಲ್‌ಬಾಕ್ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು.

ಹಡಗಿನಲ್ಲಿ ಬಂದ ಯೀಸ್ಟ್

ಅಮೆರಿಕದಲ್ಲಿ ಮೊದಲಿಗಿದ್ದದ್ದು ಇಂಗ್ಲಿಷರು ತಂದ ಏಲ್. ಲಾಗರ್ ಯೀಸ್ಟ್ ಅಟ್ಲಾಂಟಿಕ್ ದಾಟುವ ದೀರ್ಘ ಪ್ರಯಾಣದಲ್ಲಿ ಬದುಕಿ ಉಳಿಯುವುದೇ ಕಷ್ಟವಾಗಿತ್ತು. ಹಡಗುಗಳ ವೇಗ ಹೆಚ್ಚಿದ ಮೇಲೆ, 1840ರಲ್ಲಿ, ಬವೇರಿಯಾದಿಂದ ಬಂದ ಜಾನ್ ವಾಗ್ನರ್ ಫಿಲಡೆಲ್ಫಿಯಾದ ತನ್ನ ಮನೆಯ ಹಿತ್ತಲಿನಲ್ಲಿ ಲಾಗರ್ ತಯಾರಿಸಿದ. ಅಮೆರಿಕದ ಮೊದಲ ಲಾಗರ್ ಎಂದು ಸಾಮಾನ್ಯವಾಗಿ ಹೇಳುವುದು ಅದನ್ನೇ.

ಆ ಶತಮಾನದಲ್ಲಿ ಲಕ್ಷಾಂತರ ಜರ್ಮನ್ನರು ಅಮೆರಿಕಕ್ಕೆ ಬಂದರು. 1848ರ ಕ್ರಾಂತಿ ಸೋತ ಮೇಲಂತೂ ಪ್ರವಾಹವೇ ಹರಿಯಿತು. ಮಿಲ್ವಾಕಿ, ಸೇಂಟ್ ಲೂಯಿಸ್, ಸಿನ್ಸಿನಾಟಿ ನಗರಗಳಲ್ಲಿ ಅವರು ನೆಲೆಸಿದರು. ಪಾಬ್ಸ್ಟ್, ಶ್ಲಿಟ್ಸ್, ಮಿಲ್ಲರ್, ಆನ್‌ಹೈಸರ್-ಬುಷ್ ಮುಂತಾದ ದೊಡ್ಡ ಹೆಸರುಗಳ ಬೇರು ಈ ವಲಸೆಯಲ್ಲಿದೆ. ಯಂತ್ರದಿಂದ ತಂಪು ಮಾಡುವ ವಿದ್ಯೆ ಇನ್ನೂ ಬಂದಿರಲಿಲ್ಲ. ಚಳಿಗಾಲದಲ್ಲಿ ಕೆರೆಗಳ ಮಂಜುಗಡ್ಡೆ ಕೊಯ್ದು ನೆಲಮಾಳಿಗೆಗಳಲ್ಲಿ ತುಂಬಿ ಲಾಗರ್ ಕಾಪಾಡುತ್ತಿದ್ದರು. ಮಿಲ್ವಾಕಿಗೆ ಮಿಷಿಗನ್ ಸರೋವರದ ದಡ ವರವಾದದ್ದು ಹೀಗೆ.

ಬಿಯರ್ ಅವರಿಗೆ ಬರಿಯ ಪಾನೀಯವಾಗಿರಲಿಲ್ಲ. ಭಾನುವಾರ ಹೆಂಡತಿ ಮಕ್ಕಳೊಂದಿಗೆ ಬಿಯರ್ ತೋಟದಲ್ಲಿ ಕುಳಿತು ಸಂಗೀತ ಕೇಳುವುದು ಅವರ ವಾಡಿಕೆ. ಭಾನುವಾರ ಮದ್ಯ ಮುಟ್ಟಬಾರದು ಎನ್ನುವ ಹಳೆಯ ನಿವಾಸಿಗಳಿಗೆ ಇದು ಕಣ್ಣುಕಿಸುರು. 1855ರಲ್ಲಿ ಶಿಕಾಗೋದ ಮೇಯರ್ ಲೆವಿ ಬೂನ್ ಮದ್ಯದ ಪರವಾನಗಿ ಶುಲ್ಕವನ್ನು 50 ಡಾಲರ್‌ನಿಂದ 300 ಡಾಲರ್‌ಗೆ ಏರಿಸಿ, ಭಾನುವಾರದ ನಿಷೇಧವನ್ನೂ ಬಿಗಿ ಮಾಡಿದಾಗ ಜರ್ಮನ್ನರು ಬೀದಿಗಿಳಿದರು. ಗಲಭೆಯಲ್ಲಿ ಸಾವೂ ಸಂಭವಿಸಿತು.

ಇಂಥ ಸಮುದಾಯಕ್ಕೆ ಬಾಕ್ ಎಂದರೆ ಯುಗಾದಿಯ ಬೇವು ಬೆಲ್ಲವಿದ್ದಂತೆ, ಕಾಲ ತಿರುಗಿತು ಎಂಬುದರ ಗುರುತು. ಚಳಿಗಾಲದಲ್ಲಿ ತಯಾರಿಸಿ, ನೆಲಮಾಳಿಗೆಯಲ್ಲಿ ಮಾಗಿಸಿ, ವಸಂತದಲ್ಲಿ ಪೀಪಾಯಿ ತೆರೆಯುತ್ತಿದ್ದರು. 'ಬಾಕ್ ಬಂದಿದೆ' ಎಂದು ಸಾರಲು ಮದ್ಯದಂಗಡಿಗಳ ಕಿಟಕಿಗಳಲ್ಲಿ ಬಣ್ಣಬಣ್ಣದ ಕಲ್ಲಚ್ಚಿನ ಭಿತ್ತಿಚಿತ್ರಗಳು ಬೀಳುತ್ತಿದ್ದವು. ಪೀಪಾಯಿಯ ಮೇಲೆ ಕಾಲೂರಿದ ಹೋತ, ನೊರೆ ಉಕ್ಕುವ ಲೋಟ ಹಿಡಿದ ಹೋತ. ಇಂಗ್ಲಿಷ್ ಓದಲು ಬಾರದ ವಲಸಿಗನಿಗೂ ಅರ್ಥವಾಗುವ ಜಾಹೀರಾತು ಅದು. 1880ರ ದಶಕದ ಅಂಥ ಚಿತ್ರಗಳು ಇಂದು ಅಮೆರಿಕದ ಸಂಗ್ರಹಾಲಯಗಳಲ್ಲಿವೆ.

ತಳದ ಗಸಿ ಎಂಬ ಸುಳ್ಳು

ಹಳೆಯ ಅಮೆರಿಕನ್ನರಲ್ಲಿ ಒಂದು ಮಾತಿದೆ: ವರ್ಷಕ್ಕೊಮ್ಮೆ ವಸಂತದಲ್ಲಿ ಬಿಯರ್ ತೊಟ್ಟಿಗಳನ್ನು ತೊಳೆಯುವಾಗ ತಳದಲ್ಲಿ ಸಿಗುವ ಕಪ್ಪು ಗಸಿಯಿಂದ ಬಾಕ್ ಮಾಡುತ್ತಾರಂತೆ. ಕಡು ಬಣ್ಣ, ವಸಂತ ಕಾಲ, ವರ್ಷಕ್ಕೊಮ್ಮೆ. ಮೂರೂ ಹೊಂದುವುದರಿಂದ ನಂಬಲು ಸುಲಭ. ಆದರೆ ತಳದಲ್ಲಿರುವುದು ಸತ್ತ ಯೀಸ್ಟ್ ಮತ್ತು ಹಾಪ್ಸ್‌ನ ಚರಟ. ಅದನ್ನು ಕುಡಿದರೆ ಬಾಯಿ ಕೆಡುತ್ತದೆ. ತೊಟ್ಟಿಗಳನ್ನು ತೊಳೆಯುವುದೂ ಪ್ರತಿ ಸರದಿಯ ನಂತರ, ವರ್ಷಕ್ಕೊಮ್ಮೆ ಅಲ್ಲ. ಕಪ್ಪು ಬಣ್ಣ ಹುರಿದ ಕಾಳಿನದು. ಹೆಚ್ಚು ಕಾಳು ಸುರಿದು ಮಾಡುವ ದುಬಾರಿ ಬಿಯರ್‌ಗೆ ಗಸಿಯ ಹೆಸರು ಅಂಟಿದ್ದು ದುರದೃಷ್ಟವೇ ಸರಿ.

ನಿಷೇಧ ಮುಗಿದಾಗ ಉಳಿದದ್ದೇನು

ಮೊದಲ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ನಿಂತಾಗ ಜರ್ಮನ್ ಎಂಬುದೆಲ್ಲ ಅನುಮಾನಕ್ಕೆ ಗುರಿಯಾಯಿತು. ಹುಳಿ ಎಲೆಕೋಸಿನ ಸೌರ್‌ಕ್ರೌಟ್ ಕೂಡ 'ಸ್ವಾತಂತ್ರ್ಯದ ಎಲೆಕೋಸು' ಆಗಬೇಕಾಯಿತು. ಬಿಯರ್ ಮಾಡುವವರ ಹೆಸರುಗಳೋ ಅಪ್ಪಟ ಜರ್ಮನ್. ಪಾನನಿಷೇಧದ ಚಳವಳಿಗೆ ಇದು ಅನುಕೂಲವಾಯಿತು. 1920ರ ಜನವರಿಯಲ್ಲಿ ದೇಶದಾದ್ಯಂತ ನಿಷೇಧ ಜಾರಿಯಾಯಿತು. ಕೆಲವು ಬಿಯರ್ ಮನೆಗಳು ಐಸ್, ಮಾಲ್ಟ್ ಪಾಕ, ಶೇ 0.5ಕ್ಕಿಂತ ಕಡಿಮೆ ಮದ್ಯಸಾರದ 'ಬಿಯರ್‌ನಂಥ' ಪಾನೀಯ ಮಾರಿ ಜೀವ ಹಿಡಿದುಕೊಂಡವು. ಬಹಳಷ್ಟು ಮುಚ್ಚಿದವು.

ಬಾಕ್‌ನ ಮಟ್ಟಿಗೆ ಮುಖ್ಯವಾದದ್ದು ಬಾಗಿಲು ಮತ್ತೆ ತೆರೆದ ಬಗೆ. 1933ರ ಏಪ್ರಿಲ್ 7ರಂದು ಬಿಯರ್ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು, ಆದರೆ ತೂಕದ ಲೆಕ್ಕದಲ್ಲಿ ಶೇ 3.2ರಷ್ಟು ಮದ್ಯಸಾರದ ಮಿತಿಯೊಳಗೆ. ಬಾಟಲಿಯ ಮೇಲೆ ಬರೆಯುವ ಗಾತ್ರದ ಲೆಕ್ಕಕ್ಕೆ ತಂದರೆ ಅದು ಶೇ 4. ಬವೇರಿಯಾದ ಬಾಕ್‌ಗೆ ಇದು ಅಂಗಿಯ ತೋಳಿನಲ್ಲಿ ಕಾಲು ತೂರಿಸಿದಂತೆ! ಆ ವರ್ಷದ ಡಿಸೆಂಬರ್‌ನಲ್ಲಿ ನಿಷೇಧವೇ ಪೂರ್ತಿ ರದ್ದಾದರೂ ಅಷ್ಟರಲ್ಲಿ ಒಂದು ಪೀಳಿಗೆ ಗಟ್ಟಿ ಬಿಯರ್‌ನ ರುಚಿ ಮರೆತಿತ್ತು. ಕೆಲವು ರಾಜ್ಯಗಳು ಬಲದ ಮಿತಿಯನ್ನು ಉಳಿಸಿಕೊಂಡವು. ದೊಡ್ಡ ಕಂಪನಿಗಳು ಮೆಕ್ಕೆಜೋಳ, ಅಕ್ಕಿ ಬೆರೆಸಿದ ತೆಳು ಲಾಗರ್ ಕಡೆಗೆ ಇನ್ನಷ್ಟು ವಾಲಿದವು.

ಹೋತ ಮಾತ್ರ ಮರಳಿ ಬಂತು. ವಸಂತದಲ್ಲಿ ಭಿತ್ತಿಚಿತ್ರಗಳು ಮತ್ತೆ ಏರಿದವು. ಆದರೆ ಲೋಟದಲ್ಲಿದ್ದದ್ದು ಹೆಚ್ಚಾಗಿ ಬಣ್ಣ ಏರಿಸಿದ ಸಾಧಾರಣ ಲಾಗರ್. ಹೀಗೆ ಅಮೆರಿಕದಲ್ಲಿ ಬಾಕ್ ಎಂಬ ಪದದ ಅರ್ಥವೇ ಸರಿಯಿತು. ಜರ್ಮನಿಯಲ್ಲಿ ಅದು ಬಲದ ಹೆಸರು, ಅಮೆರಿಕದಲ್ಲಿ ಬಣ್ಣದ ಹೆಸರು. ನನ್ನ ಗೆಳೆಯರ ಚಿತ್ರದಲ್ಲಿದ್ದ ಎರಡು ಬಾಟಲಿಗಳು ಒಂದೇ ಕಪಾಟಿನಲ್ಲಿ, ಒಂದೇ ಬಗೆಯ ಪ್ರಾಣಿಯ ಗುರುತಿನಡಿ, ಎರಡು ಬೇರೆ ಪಾನೀಯಗಳಾಗಿದ್ದದ್ದು ಇದರಿಂದಲೇ.

2 ಸಾವಿರ ಜನರ ಊರು, ರಾಜ್ಯಕ್ಕೆಲ್ಲ ಬಿಯರ್

ಟಗರಿನ ತಲೆಯ ಬಾಟಲಿ ಶೈನರ್ ಬಾಕ್. ಶೈನರ್ ಎಂಬುದು ಹ್ಯೂಸ್ಟನ್ ಮತ್ತು ಸ್ಯಾನ್ ಆಂಟೋನಿಯೋ ನಗರಗಳ ನಡುವಿನ ಸಣ್ಣ ಊರು. ಜನಸಂಖ್ಯೆ ಸುಮಾರು 2 ಸಾವಿರ. ಅಲ್ಲಿ ನೆಲೆಸಿದ ಜರ್ಮನ್ ಮತ್ತು ಚೆಕ್ ರೈತರು ತಮ್ಮೂರಿನ ಬಿಯರ್ ಬೇಕೆಂದು 1909ರಲ್ಲಿ ಒಂದು ಬಿಯರ್ ಮನೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಕಾಸ್ಮೊಸ್ ಸ್ಪೋಟ್ಸಲ್ ಎಂಬ ಬವೇರಿಯಾದ ಕುಶಲಿಯ ಕೈಗೆ ಬಂತು. ಈತ ಮೊದಲು ಈಜಿಪ್ಟಿನ ಕೈರೋದಲ್ಲಿ ಬಿಯರ್ ಮಾಡಿದ್ದವನು. ಮೋಟಾರಿನಲ್ಲಿ ತಂಪು ಬಿಯರ್ ಇಟ್ಟುಕೊಂಡು ಹೊಲಗಳ ದಾರಿ ಹಿಡಿದು, ಕೆಲಸದಲ್ಲಿದ್ದ ರೈತರಿಗೆ ಹಂಚುತ್ತಿದ್ದ ಎಂಬ ಕಥೆ ಆ ಕಡೆ ಇದೆ. ವ್ಯಾಪಾರದ ಜಾಣತನವೋ ಉದಾರತೆಯೋ, ಎರಡೂ ಇದ್ದಿರಬಹುದು.

ನಿಷೇಧದ ವರ್ಷಗಳನ್ನು ದಾಟಿ, 1950ರಲ್ಲಿ ಕಾಸ್ಮೊಸ್ ತೀರಿಕೊಂಡ ಮೇಲೆ ಬಿಯರ್ ಮನೆಯನ್ನು ನಡೆಸಿದವಳು ಮಗಳು ಸೆಸಿಲಿ. ಊರವರಿಗೆ 'ಮಿಸ್ ಸೆಲೀ'. ಹೆಂಗಸರು ಬಿಯರ್ ಮನೆಯ ಯಜಮಾನಿಕೆ ವಹಿಸುವುದು ತೀರಾ ಅಪರೂಪವಾಗಿದ್ದ ಕಾಲವದು. 1966ರವರೆಗೂ ಅವಳು ಅದನ್ನು ನಡೆಸಿದಳು.

ಇಲ್ಲಿ ಬಾಕ್ ಮಾಡುವ ರೂಢಿ 1913ರಿಂದಲೂ ಇತ್ತು, ಆದರೆ ಲೆಂಟ್ ಕಾಲಕ್ಕೆ ಮಾತ್ರ. 1973ರಲ್ಲಿ ಅದನ್ನು ವರ್ಷವಿಡೀ ಮಾಡಲು ತೀರ್ಮಾನಿಸಿದರು. ಹಬ್ಬದ ಅಡುಗೆ ದಿನದ ಊಟವಾಯಿತು. ಆಸ್ಟಿನ್‌ನ ವಿದ್ಯಾರ್ಥಿಗಳು, ಸಂಗೀತಗಾರರು ಇದನ್ನು ಅಪ್ಪಿಕೊಂಡರು. ದೊಡ್ಡ ಕಂಪನಿಗಳ ತೆಳು ಬಿಯರ್‌ಗಳ ನಡುವೆ ತಮ್ಮ ರಾಜ್ಯದ ಸಣ್ಣ ಊರೊಂದರ ಕಂದು ಬಿಯರ್ ಅವರಿಗೆ ಒಂದು ಗುರುತಾಯಿತು. 1989ರಲ್ಲಿ ಸ್ಯಾನ್ ಆಂಟೋನಿಯೋದ ಗ್ಯಾಂಬ್ರಿನಸ್ ಕಂಪನಿ ಕೊಂಡುಕೊಂಡ ಮೇಲೆ ಅದು ರಾಜ್ಯದ ಗಡಿ ದಾಟಿ ಹರಡಿತು. 1995ರಲ್ಲಿ ದೈತ್ಯ ಆನ್‌ಹೈಸರ್-ಬುಷ್ ಕೂಡ ಟೆಕ್ಸಾಸ್‌ಗೆಂದೇ ಜೀಗನ್‌ಬಾಕ್ ಎಂಬ ಬಿಯರ್ ಬಿಟ್ಟಿತು. ಜರ್ಮನ್‌ನಲ್ಲಿ ಅದಕ್ಕೂ ಹೋತ ಎಂದೇ ಅರ್ಥ. ಸಣ್ಣ ಊರಿನ ಬಿಯರ್‌ಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕಿಲ್ಲ.

ಶೈನರ್ ಬಾಕ್‌ನ ಬಲ ಶೇ 4.4. ಜರ್ಮನ್ ಅಳತೆಯಲ್ಲಿ ಇದು ಬಾಕ್ ಅಲ್ಲವೇ ಅಲ್ಲ. ಇಲ್ಲಿ ಟೆಕ್ಸಾಸ್ ಕಾನೂನಿನ ಒಂದು ಮೋಜಿನ ಸಂಗತಿ ಹೇಳಬೇಕು. ತೂಕದ ಲೆಕ್ಕದಲ್ಲಿ ಶೇ 4ಕ್ಕಿಂತ ಬಲವಾದುದನ್ನು ಅಲ್ಲಿ 'ಬಿಯರ್' ಎಂದು ಕರೆಯುವಂತಿರಲಿಲ್ಲ. 'ಏಲ್' ಅಥವಾ 'ಮಾಲ್ಟ್ ಲಿಕರ್' ಎಂದು ಬರೆಯಬೇಕಿತ್ತು. ಹಾಗಾಗಿ ಜರ್ಮನಿಯಿಂದ ಬಂದ ಅಪ್ಪಟ ಲಾಗರ್ ಆದ ಡೊಪ್ಪೆಲ್‌ಬಾಕ್ ಕೂಡ ಟೆಕ್ಸಾಸ್‌ನಲ್ಲಿ 'ಏಲ್' ಆಗಿಬಿಡುತ್ತಿತ್ತು. ಸಣ್ಣ ಬಿಯರ್ ತಯಾರಕರೊಬ್ಬರು ಕೋರ್ಟಿಗೆ ಹೋಗಿ, 2011ರ ಕೊನೆಯಲ್ಲಿ ಈ ನಿಯಮ ಬಿದ್ದುಹೋಯಿತು. ನಿಜವಾದ ಬಾಕ್ ಏಲ್ ಆಗಿ, ಬಾಕ್ ಅಲ್ಲದ್ದು ಬಾಕ್ ಆಗಿ ಅಲ್ಲಿಯವರೆಗೂ ಒಂದೇ ಕಪಾಟಿನಲ್ಲಿ ನೆಮ್ಮದಿಯಾಗಿದ್ದವು.

ಮತ್ತೆ ಚಿಗುರಿದ ಕಡೆಗಳು

ಶೈನರ್‌ನಂಥ ಕೆಲವು ಹಳೆಯ ಮನೆಗಳು ಹೆಸರನ್ನು ಉಳಿಸಿದವು. ಬಲವನ್ನು ಮರಳಿ ತಂದವರು ಬೇರೆಯವರು. 1970ರ ದಶಕದ ಕೊನೆಯ ಹೊತ್ತಿಗೆ ಇಡೀ ಅಮೆರಿಕದಲ್ಲಿ ನೂರಕ್ಕಿಂತ ಕಡಿಮೆ ಬಿಯರ್ ಘಟಕಗಳು ಉಳಿದಿದ್ದವು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಯಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳುವುದಕ್ಕೆ ಕೇಂದ್ರದ ಒಪ್ಪಿಗೆ ಕೊಟ್ಟಿತು. ಅಡುಗೆಮನೆಯಲ್ಲಿ ಹಳೆಯ ಜರ್ಮನ್ ಹದಗಳನ್ನು ಪ್ರಯೋಗಿಸಿದವರಲ್ಲಿ ಅನೇಕರು ಮುಂದೆ ಸಣ್ಣ ಘಟಕಗಳನ್ನು ತೆರೆದರು. ಈಗ ಅಂಥವುಗಳ ಸಂಖ್ಯೆ 9 ಸಾವಿರ ದಾಟಿದೆ. ಪೆನ್ಸಿಲ್ವೇನಿಯಾದ ಟ್ರೋಗ್ಸ್ ಬಿಯರ್ ಮನೆಯ ಟ್ರೋಗನೇಟರ್ ಎಂಬ ಡೊಪ್ಪೆಲ್‌ಬಾಕ್‌ನ ಬಲ ಶೇ 8.2. ಅದು ಬವೇರಿಯಾದವರೂ ಒಪ್ಪುವ ಅಳತೆ, ಬಾಲದ 'ಏಟರ್' ಸಹಿತ.

ಹಬ್ಬಗಳೂ ಮರಳಿವೆ. ಸಿನ್ಸಿನಾಟಿಯಲ್ಲಿ 'ಓವರ್-ದ-ರೈನ್' ಎಂಬ ಬಡಾವಣೆಯಿದೆ. ಹಳೆಯ ಕಾಲುವೆ ದಾಟಿ ಜರ್ಮನ್ನರ ಬೀದಿಗಳಿಗೆ ಹೋಗುವುದು ರೈನ್ ನದಿ ದಾಟಿದಂತೆ ಎಂದು ಊರವರು ತಮಾಷೆಗೆ ಇಟ್ಟ ಹೆಸರದು. ಅಲ್ಲಿ 1990ರ ದಶಕದ ಆರಂಭದಿಂದ ಪ್ರತಿ ಮಾರ್ಚ್‌ನಲ್ಲಿ ಬಾಕ್‌ಫೆಸ್ಟ್ ನಡೆಯುತ್ತದೆ. ಮೆರವಣಿಗೆಯಲ್ಲಿ ಸನ್ಯಾಸಿಗಳ ವೇಷ, ಜೀವಂತ ಹೋತ, ಬಾಕ್ ಪೀಪಾಯಿ ಎಲ್ಲ ಇರುತ್ತವೆ.

ಮಿನ್ನೆಸೋಟದ ನ್ಯೂ ಉಲ್ಮ್ ಊರಿನಲ್ಲಿ 1860ರಿಂದಿರುವ ಶೆಲ್ ಬಿಯರ್ ಮನೆಯ ಬಾಕ್ ಹಬ್ಬ ಇನ್ನೂ ಸ್ವಾರಸ್ಯದ್ದು. ಹಿಮದ ನಡುವೆ ಬೆಂಕಿ ಹಾಕಿ, ಕಬ್ಬಿಣದ ಸಲಾಕೆಯನ್ನು ಕೆಂಪಗೆ ಕಾಯಿಸಿ ಬಾಕ್ ತುಂಬಿದ ಲೋಟಕ್ಕೆ ಅದ್ದುತ್ತಾರೆ. ಕಾದ ಒಗ್ಗರಣೆ ಸೌಟನ್ನು ಸಾರಿಗೆ ಅದ್ದಿದಾಗ ಬರುವ ಚುಂಯ್ ಸದ್ದೇ ಅಲ್ಲಿಯೂ. ಉಳಿದ ಸಕ್ಕರೆ ಕ್ಷಣದಲ್ಲಿ ಸುಟ್ಟು ಪಾಕದ ಘಮ ಏಳುತ್ತದೆ, ನೊರೆ ಬೆಚ್ಚಗಾಗುತ್ತದೆ, ಕೆಳಗಿನ ಬಿಯರ್ ತಣ್ಣಗೆ ಉಳಿಯುತ್ತದೆ.

ಇಷ್ಟಾದರೂ ಏಕೆ ಅಪರೂಪ

ಅಮೆರಿಕದ ಯಾವುದೋ ಊರಿನ ಬಿಯರ್ ಮನೆಗೆ ಹೋದರೆ ಹತ್ತು ನಲ್ಲಿಗಳಲ್ಲಿ ಐದಾರು ಐಪಿಎ ಇದ್ದೀತು, ಬಾಕ್ ಒಂದೂ ಇಲ್ಲದಿರಬಹುದು. ಮುಖ್ಯ ಕಾರಣ ಸಮಯ. ಐಪಿಎ ಎರಡು ಮೂರು ವಾರಗಳಲ್ಲಿ ಸಿದ್ಧ. ಡೊಪ್ಪೆಲ್‌ಬಾಕ್ ಎರಡು ಮೂರು ತಿಂಗಳು ತೊಟ್ಟಿಯನ್ನು ಹಿಡಿದುಕೊಂಡು ಕೂರುತ್ತದೆ. ಮದುವೆಯ ಕಾಲದಲ್ಲಿ ಛತ್ರದ ಮಾಲೀಕ ಒಂದೇ ಮದುವೆಗೆ ಮೂರು ತಿಂಗಳು ಛತ್ರ ಬಿಟ್ಟುಕೊಟ್ಟಂತೆ ಇದು. ಬಾಡಿಗೆಯ ನಷ್ಟದ ಜೊತೆಗೆ ಕಾಳು ಹೆಚ್ಚು ಬೇಕು, ತಂಪಿಗೆ ವಿದ್ಯುತ್ತೂ ಬೇಕು.

ಕಪ್ಪು ಬಿಯರ್ ಎಂದರೆ ಭಾರ, ಕಹಿ ಎಂಬ ಅಂಜಿಕೆಯೂ ಇದೆ. ಅದು ತಪ್ಪು ಕಲ್ಪನೆ. ಐರ್ಲೆಂಡಿನ ಕಡುಗಪ್ಪು ಗಿನ್ನೆಸ್ ಶೇ 4ರ ಆಸುಪಾಸಿನದು, ತಿಳಿ ಹೊಂಬಣ್ಣದ ಮೈಬಾಕ್ ಅದಕ್ಕಿಂತ ಬಹಳ ಬಲವಾದದ್ದು. ಬಣ್ಣ ನೋಡಿ ಬಲ ಅಳೆಯುವವರು ಮೋಸಹೋಗುವುದು ಹೆಚ್ಚಾಗಿ ಮೈಬಾಕ್ ಮುಂದೆ, ಅದರ ನಯವಾದ ಸಿಹಿಯಲ್ಲಿ ಮದ್ಯಸಾರ ಅಡಗಿ ಕುಳಿತಿರುತ್ತದೆ. ಆದ್ದರಿಂದ ಬಾಟಲಿಯ ಮೇಲಿನ ಪ್ರಾಣಿಯನ್ನೂ ಬಣ್ಣವನ್ನೂ ಬಿಟ್ಟು ಮೂಲೆಯಲ್ಲಿ ಸಣ್ಣದಾಗಿ ಅಚ್ಚಾದ ಶೇಕಡಾ ಅಂಕಿಯನ್ನು ನೋಡುವುದು ಲೇಸು. 4ರ ಹತ್ತಿರವಿದ್ದರೆ ಅದು ಅಮೆರಿಕನ್ ಬಾಕ್, 6 ದಾಟಿದ್ದರೆ ಜರ್ಮನ್ ಹದ, ಅದಕ್ಕೂ ಮೇಲಾದರೆ ಸಣ್ಣ ಲೋಟ ಸಾಕು.

ಇದನ್ನೆಲ್ಲ ಕೇಳಿದ ಮೇಲೆ ಗೆಳೆಯರು ಎರಡೂ ಬಾಟಲಿ ಕೊಂಡು, ಮಗನೊಡನೆ ಹಂಚಿಕೊಂಡು ರುಚಿ ನೋಡಿದರಂತೆ. ಶೈನರ್ ಅವರಿಗೆ ಹಿಡಿಸಿತು. ಎರಡು ಹೋತಗಳ ಬಾಟಲಿಯಾದ ಸೆಲೆಬ್ರೇಟರ್ ಅವರ ಪ್ರಕಾರ 'ಬೆಲ್ಲದ ಪಾನಕಕ್ಕೆ ಯಾರೋ ಸಿಟ್ಟು ಬರಿಸಿದಂತೆ' ಇತ್ತು. ಅದರ ಕುತ್ತಿಗೆಯಲ್ಲಿದ್ದ ಪ್ಲಾಸ್ಟಿಕ್ ಹೋತವನ್ನು ಅವರ ಮನೆಯವರು ತೊಳೆದು, ಒರೆಸಿ, ಸೂಟ್‌ಕೇಸಿನಲ್ಲಿಟ್ಟು ಮೈಸೂರಿಗೆ ತಂದರು. ಆ ವರ್ಷದ ದಸರೆಯಲ್ಲಿ ಅವರ ಗೊಂಬೆ ಮೆಟ್ಟಿಲಿನ ಕೆಳಸಾಲಿನಲ್ಲಿ, ಸೆಟ್ಟಿ ಸೆಟ್ಟಮ್ಮನ ಅಂಗಡಿಯ ಪಕ್ಕದಲ್ಲಿ, ಬೆಳ್ಳಗೆ ಒಂದು ಹೋತ ನಿಂತಿತ್ತು. ಎಲ್ಲಿಂದ ತಂದಿರಿ ಎಂದು ಕೇಳಿದ ಅಕ್ಕಪಕ್ಕದವರಿಗೆ "ಜರ್ಮನಿಯದು, ಅಮೆರಿಕದಲ್ಲಿ ಸಿಕ್ಕಿತು" ಎಂದಷ್ಟೇ ಹೇಳಿದರಂತೆ.